ಇರ್ಮಾ ಅತ್ತೆಯ ಕುರ್ಚಿ, ರೋನಿಯ ಪ್ರಬಂಧ

ರೋನಿ ಚೆರ್ನಾಕ್ ಐವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟದ್ದು ವಿದ್ಯೆಯ ಹಸಿವಿನಿಂದಲ್ಲ, ಸಿಟ್ಟಿನಿಂದ.

ಪಿಟ್ಸ್‌ಬರ್ಗಿನ ಗುಡ್ಡವೊಂದಕ್ಕೆ ಏಣಿ ಒರಗಿಸಿದ ಹಾಗೆ ನಿಂತಿರುವ ಟ್ಯಾನರ್ ಬೀದಿಯಲ್ಲಿ ಅವಳು ಹುಟ್ಟಿದ್ದು, ಬೆಳೆದದ್ದು. ಮದುವೆಯಾಗಿ ಹೋದದ್ದೂ ಅದೇ ಬೀದಿಯ ಎಡಸಾಲಿನಿಂದ ಬಲಸಾಲಿಗೆ. ಗಂಡ ಲೆನ್ ಮನೆಗಳ ಸೂರು ರಿಪೇರಿ ಮಾಡುವವನು. ಕೆಲಸದಲ್ಲಿ ದಿನವಿಡೀ ಎತ್ತರದಲ್ಲಿರುವುದರಿಂದಲೋ ಏನೋ, ನೆಲದ ಮೇಲೆ ನಡೆಯುವ ಯಾವ ಗಲಾಟೆಗೂ ತಲೆ ಕೆಡಿಸಿಕೊಳ್ಳುವ ಜಾತಿಯವನಲ್ಲ. ರೋನಿ ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸಕ್ಕಿದ್ದಳು. ಮುಂದಿನ ಮೇಜಿನಲ್ಲಿ ಕೂತು, ಕೆನ್ನೆ ಹಿಡಿದುಕೊಂಡು ಬಂದವರಿಗೆ ಸಮಾಧಾನ ಹೇಳಿ, ಬರುತ್ತೇನೆಂದು ಹೇಳಿ ಬಾರದವರಿಗೆ ಫೋನು ಮಾಡಿ ಬೈದು, ಹೇಗೋ ಕಾಲ ಹೋಗುತ್ತಿತ್ತು.

ಹೀಗಿರುವಾಗ ಒಂದು ಶರತ್ಕಾಲದಲ್ಲಿ ನಗರ ಯೋಜನೆಯವರು ಬೀದಿಯವರನ್ನೆಲ್ಲ ಚರ್ಚಿನ ನೆಲಮಾಳಿಗೆಗೆ ಕರೆದು, ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಮುಂದೊಂದು ದಿನ ಟ್ಯಾನರ್ ಬೀದಿ ಹೀಗೆ ಕಾಣುತ್ತದಂತೆ. ಎರಡೂ ಕಡೆ ಮರಗಳು, ಮರದ ಕೆಳಗೆ ಬೆಂಚುಗಳು, ಬೆಂಚಿನ ಪಕ್ಕ ಸೈಕಲ್ ಹಿಡಿದು ನಗುತ್ತಿರುವ ಹೆಂಗಸು. ಆ ಕಡಿದಾದ ಏರಿನಲ್ಲಿ ಸೈಕಲ್ ಹೊಡೆದೂ ನಗು ಉಳಿಸಿಕೊಂಡ ಆ ಹೆಂಗಸಿನ ಮೇಲೆ ಎಲ್ಲರಿಗೂ ಅನುಮಾನ ಬಂತು. ರೋನಿ ಎದ್ದು ನಿಂತಳು.

“ಚಿತ್ರ ಚೆನ್ನಾಗಿದೆ. ನಮ್ಮ ಕಾರುಗಳೆಲ್ಲ ಎಲ್ಲಿ ಹೋದ್ವು?”

ಪರದೆಯ ಪಕ್ಕದಲ್ಲಿದ್ದ ಹುಡುಗ, ರೋನಿಯ ಮಗಳಿಗಿಂತ ಚಿಕ್ಕವನು, ಮಗುವಿಗೆ ಸಿಹಿ ಕೊಡುವವನ ಹಾಗೆ ನಕ್ಕ. “ಒಳ್ಳೆ ಪ್ರಶ್ನೆ ಮೇಡಂ. ನಿಮಗೆ ನಗರ ಯೋಜನೆಯಲ್ಲಿ ಏನಾದ್ರೂ ಓದಾಗಿದೆಯಾ?”

ರೋನಿ ಕೂತಳು. ಮನೆಗೆ ಬಂದ ಮೇಲೂ ಅವಳ ಕಿವಿಯಲ್ಲಿ ಅದೇ ಮಾತು. ಲೆನ್ ತಟ್ಟೆಯಿಂದ ತಲೆ ಎತ್ತದೆ ಹೇಳಿದ: “ಕೋಳೀನ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ? ಊಟ ಮಾಡು.”

“ಓದಾಗಿದೆಯಾ ಅಂತ ಕೇಳ್ದ ಅವನು, ನನ್ನ!”

“ಆಗಿಲ್ವಲ್ಲ.”

ಅಷ್ಟೇ ಸಾಕಾಯಿತು. ಹಿಂದೆಂದೋ ಸಂಜೆ ಕಾಲೇಜಿನಲ್ಲಿ ಮುಗಿಸಿದ ಡಿಗ್ರಿಯೊಂದು ಮೇಜುಬಟ್ಟೆಗಳ ಅಡಿಯಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿ, ಧೂಳು ಕೊಡವಿ, ನಗರ ಯೋಜನೆಯ ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕಿದಳು. ಹಗಲು ಹಲ್ಲು, ಸಂಜೆ ನಗರ. ಜೊತೆಯ ಹುಡುಗ ಹುಡುಗಿಯರು ಅವಳನ್ನು ಮೊದಲ ದಿನ ಮೇಷ್ಟರೆಂದುಕೊಂಡು ಮಾತು ನಿಲ್ಲಿಸಿ ಪುಸ್ತಕ ತೆರೆದರು. ಎರಡನೆಯ ದಿನದಿಂದ ಅವಳ ಡಬ್ಬಿಯ ಕುಕೀಗಳಿಗೆ ಕೈ ಹಾಕತೊಡಗಿದರು.

ಕೊನೆಯ ವರ್ಷ ಸಂಶೋಧನೆ ಮಾಡಿ ಪ್ರಬಂಧ ಬರೆಯಬೇಕು. ಗೈಡ್ ಆಗಿ ಸಿಕ್ಕವರು ಪ್ರೊಫೆಸರ್ ಕೆಂಡ್ರಾ ಒಸುನಾ. ಅರಿಜೋನಾದ ಟೂಸಾನ್ ಊರಿನವರು, ಮರಳುಗಾಡಿನ ಹೆಣ್ಣು. ಪಿಟ್ಸ್‌ಬರ್ಗಿಗೆ ಬಂದು ಅದೇ ಮೊದಲ ಚಳಿಗಾಲ. ರೋನಿಗಿಂತ ಎಷ್ಟೋ ಚಿಕ್ಕವರಾದರೂ ಕನ್ನಡಕ ಸರಿಮಾಡಿಕೊಂಡು ಮಾತಿಗಿಳಿದರೆ ನೂರು ವರ್ಷದವರಂತೆ ಕೇಳಿಸುತ್ತಿತ್ತು. ರೋನಿ ಗುಡ್ಡದ ಮುರಿದ ಮೆಟ್ಟಿಲುಗಳ ಬಗ್ಗೆ ಬರೆಯುತ್ತೇನೆಂದು ಹೇಳಿ, ಅವನ್ನು ತೋರಿಸಲು ಪ್ರೊಫೆಸರರನ್ನು ಅವರದೇ ಕಾರಿನಲ್ಲಿ ಕರೆತಂದಳು. ಹಿಂದಿನ ದಿನ ಸಣ್ಣಗೆ ಹಿಮ ಬಿದ್ದಿತ್ತು. ಪ್ರೊಫೆಸರ್ ಮೆಟ್ಟಿಲು ನೋಡಲೇ ಇಲ್ಲ.

“ರೋನಿ, ಈ ಬೀದಿಯವರೆಲ್ಲ ಯಾಕೆ ಕುರ್ಚಿ ಎಸೀತಿದ್ದಾರೆ?”

“ಎಸೆದಿಲ್ಲ, ಇಟ್ಟಿದ್ದಾರೆ. ಹಿಮ ಬಗೆದು ಕಾರಿಗೆ ಜಾಗ ಮಾಡ್ಕೊಂಡೋರು, ಕಾರು ತಗೊಂಡು ಹೋಗೋವಾಗ ಕುರ್ಚಿ ಇಟ್ಟು ಹೋಗ್ತಾರೆ. ಜಾಗ ಅವರದು ಅಂತ.”

“ರಸ್ತೆ ನಗರದ್ದಲ್ವಾ? ಕಾನೂನಿದೆಯಾ ಇದಕ್ಕೆ?”

“ಕಾನೂನು ಪ್ರಕಾರ ಕುರ್ಚಿ ಇಡೋದೇ ತಪ್ಪು.”

“ಹಾಗಾದ್ರೆ ಯಾರು ಬೇಕಾದ್ರೂ ತೆಗೆದು ಪಕ್ಕಕ್ಕೆ ಇಡಬಹುದು.”

“ಬೇರೆಯವರ ಕುರ್ಚೀನಾ?” ಎಂದಳು ರೋನಿ. ಬೇರೆಯವರ ಹಲ್ಲಿನ ಸೆಟ್ಟು ಬಾಯಿಗೆ ಹಾಕಿಕೊಳ್ಳುತ್ತೀರಾ ಎಂದು ಕೇಳಿದ ಹಾಗಿತ್ತು ಆ ದನಿ.

ಪ್ರೊಫೆಸರರ ಕಣ್ಣು ಮಿಂಚಿತು. ಮೆಟ್ಟಿಲುಗಳು ಅಲ್ಲೇ ಸತ್ತವು. ಪ್ರಬಂಧದ ಹೆಸರು ಕಾರಿನಲ್ಲೇ ಹುಟ್ಟಿತು: ಸಾರ್ವಜನಿಕ ಸ್ಥಳದಲ್ಲಿ ಅನೌಪಚಾರಿಕ ಹಕ್ಕು ಸ್ಥಾಪನೆ. ನಮ್ಮ ದೇಶದಲ್ಲಿ ಕುರ್ಚಿಗಾಗಿ ನಡೆಯುವ ಜಗಳ ಕಂಡವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಇಲ್ಲಿ ಜಗಳ ಕುರ್ಚಿಗಲ್ಲ, ಕುರ್ಚಿಯ ಕೆಳಗಿನ ಡಾಂಬರಿಗೆ. ರೋನಿಗೆ ಮಾತ್ರ ತನ್ನ ಮನೆಯ ಹಿತ್ತಲ ಬಾಗಿಲಿನ ಬಗ್ಗೆ ಪುಸ್ತಕ ಬರೆಯಲು ಹೇಳಿದಂತಾಯಿತು. ಗೊತ್ತಿರುವುದನ್ನು ಏನೆಂದು ಹುಡುಕುವುದು?

ಹುಡುಕುವ ಮೊದಲು ವಿಶ್ವವಿದ್ಯಾಲಯದ ನೀತಿ ಸಮಿತಿ ಒಪ್ಪಬೇಕಿತ್ತು. ಸಂದರ್ಶನ ಕೊಟ್ಟವರ ಹೆಸರು ಹೊರಗೆ ಬರಬಾರದು, ಎಲ್ಲರಿಗೂ ಒಂದೊಂದು ಸಂಖ್ಯೆ ಕೊಡಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಬೇಕು, ಅವರು ಒಪ್ಪಿ ಆಡಿದ್ದನ್ನು ಬಿಟ್ಟು ಬೇರೇನನ್ನೂ ಬರೆಯಬಾರದು. ರೋನಿ ಎಲ್ಲಕ್ಕೂ ತಲೆಯಾಡಿಸಿ ಬಂದಳು.

ಮೊದಲು ಹೋದದ್ದು ಗಸ್ ಪಲುಂಬೋ ಮನೆಗೆ. ಗಸ್ ರಿಟೈರಾದ ಪ್ಲಂಬರ್. ಅವನ ಮನೆಗೂ ರೋನಿಯ ಮನೆಗೂ ನಡುವೆ ಇರುವುದು ಒಂದೇ ಮನೆ, ಇರ್ಮಾ ಅತ್ತೆಯದು. ಇರ್ಮಾ ರೋನಿಯ ಅಪ್ಪನ ತಂಗಿ, ಎಂಬತ್ತರ ಆಸುಪಾಸು. ಗಸ್‌ಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಗಸ್‌ನ ಹಿತ್ತಲಿನ ಅಂಜೂರದ ಗಿಡ ಎಲೆ ಉದುರಿಸುವುದು ಇರ್ಮಾಳ ಅಂಗಳಕ್ಕೆ ಎಂಬುದು ಜಗಳದ ಮೂಲ. ಎಲೆ ಉದುರದ ಕಾಲದಲ್ಲೂ ಜಗಳಕ್ಕೆ ಬಿಡುವಿರಲಿಲ್ಲ.

ಗಸ್ ಸಹಿ ಹಾಕಿ, ಗಂಟಲು ಸರಿಮಾಡಿಕೊಂಡು ಟೇಪಿನ ಮುಂದೆ ಕೂತ.

“ನೀವು ರಸ್ತೇಲಿ ಕುರ್ಚಿ ಇಡ್ತೀರಾ ಗಸ್?”

“ಛೆ. ಕುರ್ಚಿ ಇಡೋದು ಅನಾಗರಿಕತೆ ಅಮ್ಮಾ. ನಾನಿಡೋದು ಬಕೆಟ್ಟು.”

“ಬಕೆಟ್ಟೂ ಅದೇ ಅಲ್ವಾ?”

“ಬಕೆಟ್ಟು ಕೆಲಸದ ಸಾಮಾನು. ಕುರ್ಚಿ ಇಡೋರು ಪಕ್ಕದ ಮನೆಯೋರು. ಹೆಸರು ಹೇಳಲ್ಲ. ಇರ್ಮಾ.”

ಇರ್ಮಾ ಸಂದರ್ಶನಕ್ಕೆಂದು ಪಾರ್ಲರಿಗೆ ಹೋಗಿ ಕೂದಲು ಸೆಟ್ ಮಾಡಿಸಿಕೊಂಡು ಬಂದಿದ್ದಳು.

“ಬರೀ ದನಿ ರೆಕಾರ್ಡ್ ಆಗೋದು ಅತ್ತೆ.”

“ಕೂದ್ಲು ಸರಿ ಇಲ್ದೆ ಇದ್ರೆ ನಂಗೆ ಮಾತೇ ಹೊರಡಲ್ಲ ಕಣೇ. ಕೇಳು.”

“ನೀವು ಕುರ್ಚಿ ಇಡ್ತೀರಾ?”

“ಇಲ್ಲ,” ಎಂದಳು ಇರ್ಮಾ, ಟೀವಿಯಲ್ಲಿ ವಾರ್ತೆ ಓದುವವಳ ದನಿಯಲ್ಲಿ.

“ಅತ್ತೆ, ಕಿಟಕಿ ಆಚೆ ನೋಡಿ.”

ಕಿಟಕಿಯ ಆಚೆ, ರಸ್ತೆಯಂಚಿನಲ್ಲಿ, ಹಳದಿ ರೆಕ್ಸಿನ್ ಹೊದ್ದ ಅಡುಗೆಮನೆ ಕುರ್ಚಿಯೊಂದು ರಾಜಠೀವಿಯಿಂದ ನಿಂತಿತ್ತು.

“ಅದಾ? ಅದನ್ನ ಒರೆಸಿ ಆರೋಕೆ ಇಟ್ಟಿದ್ದೀನಿ.”

“ನಾನು ಹೈಸ್ಕೂಲಲ್ಲಿ ಇದ್ದಾಗಿಂದ ಆರ್ತಾ ಇದೆ.”

“ಈ ಊರಲ್ಲಿ ಬಿಸಿಲೆಲ್ಲಿದೆ?”

ಇರ್ಮಾಳಿಗೆ ಕಾರಿರಲಿಲ್ಲ. ಗಂಡ ತೀರಿಕೊಂಡಾಗಲೇ ಮಾರಿ ಆಗಿತ್ತು. ಕಾರಿಲ್ಲದವರಿಗೆ ಕಾರಿನ ಜಾಗ ಯಾಕೆ ಎಂದು ರೋನಿ ಈವರೆಗೆ ಯೋಚಿಸಿರಲೇ ಇಲ್ಲ. ಗುಡ್ಡದ ಮೇಲೆ ಚರ್ಚಿದೆ, ಅತ್ತೆಯ ಮನೆ ಮುಂದೆ ಕುರ್ಚಿಯಿದೆ, ಅಷ್ಟೇ. ಈಗ ಕೇಳಿದಳು. ಇರ್ಮಾ ಟೇಪನ್ನು ಬೆರಳಿಂದ ತೋರಿಸಿ, “ಅದನ್ನ ಆರಿಸು,” ಎಂದಳು. ಆರಿಸಿದ ಮೇಲೆ ಹೇಳಿದ್ದು ಬೇರೆಯದೇ ವಿಷಯ: “ನಂಗೆ ಯಾವ ನಂಬರ್ ಕೊಟ್ಟಿದ್ದೀ?”

“ಭಾಗಿ ಮೂರು.”

“ಗಸ್‌ಗೆ?”

ರೋನಿ ಸುಳ್ಳು ಹೇಳಬೇಕಿತ್ತು. ಹೇಳಲಿಲ್ಲ. “ಅವರ ಮನೆಗೆ ಮೊದಲು ಹೋಗಿದ್ದೆ ಅತ್ತೆ, ಅದಕ್ಕೆ ಒಂದು.”

“ಅವನು ಒಂದು. ನಾನು ಮೂರು.” ಇರ್ಮಾ ಎದ್ದು ರೋನಿಯ ಮುಂದಿನ ಕಾಫಿ ಲೋಟ ಎತ್ತಿಕೊಂಡಳು, ಅದರಲ್ಲಿ ಇನ್ನೂ ಅರ್ಧ ಕಾಫಿಯಿತ್ತು. “ನಿಂಗೆ ತೊಟ್ಟಿಲಲ್ಲಿ ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಗಸ್ ಇರ್ಬೇಕು.”

ಹೀಗೆ ಇಡೀ ಬೀದಿ ಸುತ್ತಿದರೂ ಅದೇ ರಾಗ. ಕುರ್ಚಿ ಇಡುವ ಪದ್ಧತಿ ಉಂಟು, ಅದನ್ನು ಎಲ್ಲರೂ ಬಲ್ಲರು. ಆದರೆ ಇಡುವವರು ಮಾತ್ರ ಯಾರೂ ಇಲ್ಲ. ರೋನಿ ನಗರಸಭೆಗೆ ಚಾಡಿ ಹೇಳುತ್ತಾಳೆ, ಟ್ರಕ್ಕು ಬಂದು ಎಲ್ಲ ಎತ್ತಿಕೊಂಡು ಹೋಗುತ್ತದೆ ಎಂದು ಯಾರೋ ಉಪ್ಪು ಖಾರ ಹಚ್ಚಿ ಹಬ್ಬಿಸಿದ್ದರು. ಅದಕ್ಕೆ ರೋನಿ ಚರ್ಚಿನಲ್ಲಿ ನಿಂತು, ನಗರಸಭೆಗೂ ನನಗೂ ಸಂಬಂಧವಿಲ್ಲ, ಇದು ವಿಶ್ವವಿದ್ಯಾಲಯದ ಪುಸ್ತಕಕ್ಕೆ, ಹಿಮ ಬಿದ್ದಾಗ ಬರೀ ಫೋಟೋ ತೆಗೆಯುತ್ತೇನೆ ಎಂದು ಹೇಳಿದಳು. ಅವಳು ಮಾಡಿದ ತಪ್ಪು ಅದು.

ಜನವರಿಯಲ್ಲಿ ಹಿಮ ಚೆನ್ನಾಗಿ ಬಿತ್ತು. ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಬಂದರೆ ಬೀದಿ ಮದುವೆ ಮನೆಯಾಗಿತ್ತು. ವರ್ಷಗಳಿಂದ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಇಡುತ್ತಿದ್ದವರು ಊಟದ ಮೇಜಿನ ಕೆತ್ತನೆ ಕುರ್ಚಿ ಇಟ್ಟಿದ್ದರು, ಮೇಲೊಂದು ಕಸೂತಿ ದಿಂಬು. ಒಬ್ಬರು ಇಸ್ತ್ರಿ ಮೇಜಿಗೆ ಮಾಲೆ ಹಾಕಿದ್ದರು. ಕೆಳಗಿನ ತಿರುವಿನಲ್ಲಿ ಯಾರೋ ಅಂಗಳದ ಮೇರಿ ಮಾತೆಯನ್ನೇ ಎತ್ತಿ ತಂದು ರಸ್ತೆಯಲ್ಲಿ ನಿಲ್ಲಿಸಿದ್ದರು. ಆಕೆ ಕೈ ಚಾಚಿ ಕಾರಿಲ್ಲದ ಜಾಗವನ್ನು ಆಶೀರ್ವದಿಸುತ್ತಿದ್ದಳು. ಗಸ್‌ನ ಬಕೆಟ್ಟಿಗೆ ಹೊಸ ಕೆಂಪು ಬಣ್ಣ ಬಂದಿತ್ತು.

ಇನ್ನೊಂದನ್ನೂ ಅವಳು ಅಂದು ಕಂಡಳು. ಇರ್ಮಾಳ ಮನೆಯ ಮುಂದಿನ ಜಾಗದಲ್ಲಿ ಸಲಿಕೆ ಹಿಡಿದು ಹಿಮ ಬಗೆಯುತ್ತಿದ್ದವನು ಗಸ್. ತನ್ನ ಜಾಗ ಇನ್ನೂ ಬಗೆದಿರಲಿಲ್ಲ. ರೋನಿಯನ್ನು ನೋಡಿ ಸಲಿಕೆ ಬೆನ್ನ ಹಿಂದೆ ಅಡಗಿಸಿಕೊಂಡ. ಅದು ಅವನಿಗಿಂತ ಉದ್ದವಿತ್ತು.

“ಏನು ಮಾಡ್ತಿದ್ದೀರಾ ಗಸ್?”

“ಇಲ್ಲೊಂದು ಹಳೇ ನೀರಿನ ವಾಲ್ವ್ ಇರ್ಬೇಕು. ಹುಡುಕ್ತಿದ್ದೆ.”

“ಸಿಕ್ತಾ?”

“ಇನ್ನೂ ಸ್ವಲ್ಪ ಬಗೀಬೇಕು.”

ಫೋಟೋಗಳನ್ನು ನೋಡಿ ಪ್ರೊಫೆಸರ್ ಒಸುನಾ ಕುರ್ಚಿಯಿಂದ ಎದ್ದೇ ನಿಂತರು. “ಅದ್ಭುತ. ಪವಿತ್ರ ವಿಗ್ರಹದ ಮೂಲಕ ಗಡಿ ರಚನೆ. ಮನೆಯ ಒಳಗನ್ನೇ ಬೀದಿಗೆ ತಂದು ಹಕ್ಕು ಸಾರೋದು.”

“ಹಾಗೇನಿಲ್ಲ ಪ್ರೊಫೆಸರ್. ಫೋಟೋ ತೆಗೀತೀನಿ ಅಂದೆ, ಅದಕ್ಕೆ ಒಳ್ಳೇದನ್ನ ಇಟ್ಟಿದ್ದಾರೆ.”

“ಅವರಿಗೇ ತಿಳಿಯದ ಅರ್ಥ ಇರಬಹುದು.”

“ಮೇರಿ ಮಾತೆ ಇಟ್ಟಿರೋ ಹೆಲೆನ್‌ನ ಕೇಳಿದೆ. ಅವಳ ಹತ್ರ ಇರೋ ಕುರ್ಚೀಲೆಲ್ಲ ಬೆಕ್ಕಿನ ಕೂದಲಂತೆ.”

ಪ್ರೊಫೆಸರ್ ನಿಧಾನಕ್ಕೆ ಕೂತರು. “ನಾನೇ ಒಂದು ಸಲ ಬಂದು ನೋಡ್ತೀನಿ,” ಎಂದರು.

ಬಂದದ್ದು ಫೆಬ್ರವರಿಯ ಒಂದು ಶನಿವಾರ, ಮೊಣಕಾಲುದ್ದ ಹಿಮ ಬಿದ್ದ ಮಾರನೆಯ ದಿನ. ಎರಡು ಸುತ್ತು ಹಾಕಿದರೂ ನಿಲ್ಲಿಸಲು ಜಾಗ ಸಿಗಲಿಲ್ಲ. ಆಗ ಹಳದಿ ಕುರ್ಚಿ ಕಣ್ಣಿಗೆ ಬಿತ್ತು. ಅವರು ಪ್ರಬಂಧದ ಕರಡು ಓದಿದ್ದರು: ಭಾಗಿ ಮೂರು ಇವರಿಗೆ ಕಾರಿಲ್ಲ. ಕಾರಿಲ್ಲವೆಂದ ಮೇಲೆ ಇದು ಬರೀ ಸಂಕೇತ. ಸಂಕೇತವನ್ನು ಗೌರವದಿಂದಲೇ ಎತ್ತಿ ಫುಟ್‌ಪಾತಿನ ಮೇಲಿಟ್ಟು, ಕಾರು ನಿಲ್ಲಿಸಿ, ರೋನಿಯ ಬಾಗಿಲು ಬಡಿದರು.

ರೋನಿ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸಿ, ಅಕ್ರೋಟಿನ ಹೂರಣ ತುಂಬಿ ಸುತ್ತಿದ ರೊಟ್ಟಿ ಕತ್ತರಿಸಿ ಇಟ್ಟಳು. ಜಾಗ ಎಲ್ಲಿ ಸಿಕ್ಕಿತೆಂದು ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಪ್ರೊಫೆಸರ್ ಮೂರನೆಯ ಅಧ್ಯಾಯಕ್ಕೆ ಹೋಗಿಬಿಟ್ಟಿದ್ದರು. ಲೆನ್ ಒಂದು ತುಂಡು ಎತ್ತಿಕೊಂಡು ಕಿಟಕಿಯ ಬಳಿ ಹೋದವನು ಅಲ್ಲೇ ನಿಂತ. ಸ್ವಲ್ಪ ಹೊತ್ತಿಗೆ ಗೋಡೆಯೊಳಗಿನ ಪೈಪು ನರಳತೊಡಗಿತು. ಇರ್ಮಾಳ ಮನೆಯಲ್ಲಿ ನಲ್ಲಿ ಬಿಟ್ಟರೆ ರೋನಿಯ ಗೋಡೆ ನರಳುವುದು ಮಾಮೂಲು. ಆದರೆ ಇದು ಲೋಟ ತೊಳೆಯುವ ಸದ್ದಲ್ಲ.

“ರೋನಿ,” ಎಂದ ಲೆನ್, ಬಾಯಲ್ಲಿದ್ದುದನ್ನು ನುಂಗಿ. “ನಿಮ್ಮತ್ತೆ ಮತ್ತೆ ಗಸ್ ರಾಜಿ ಆಗಿದ್ದಾರೆ.”

“ಏನಂದೆ?”

“ಒಟ್ಟಿಗೆ ನಿಂತು ಒಂದು ಕಾರಿಗೆ ನೀರು ಹಾಕ್ತಿದ್ದಾರೆ.”

ರೋನಿ ಓಡಿಹೋಗಿ ನೋಡಿದಳು. ಯಾರದೋ ಶವಸಂಸ್ಕಾರದ ಊಟ ಮುಗಿಸಿ ಬಂದ ಇರ್ಮಾ, ಕಪ್ಪು ಕೋಟು, ಕಪ್ಪು ಟೋಪಿಯಲ್ಲೇ ರಸ್ತೆ ಮಧ್ಯೆ ನಿಂತು ಹೋಸ್ ಪೈಪು ಹಿಡಿದಿದ್ದಳು. ಪೈಪಿನ ಇನ್ನೊಂದು ತುದಿ ಅವಳ ನೆಲಮಾಳಿಗೆಯ ಕಿಟಕಿಯೊಳಕ್ಕೆ ಹೋಗಿತ್ತು. ಪಕ್ಕದಲ್ಲಿ ಗಸ್, ತನ್ನ ಜೀವಮಾನದ ಅನುಭವವನ್ನೆಲ್ಲ ಧಾರೆ ಎರೆಯುತ್ತಿದ್ದ.

“ಬಾಗಿಲ ಸಂದಿಗೆ ಹಿಡಿ. ಮೇಲಿಂದ ಬೇಡ, ಜಾರಿ ಹೋಗತ್ತೆ.”

“ನಂಗೆ ಹೇಳಿಕೊಡ್ಬೇಡ.”

“ಚಕ್ರಕ್ಕೆ ನಿಧಾನಕ್ಕೆ ಬಿಡು. ಪದರ ಪದರ ಕಟ್ಟಬೇಕು.”

ನೀರು ಬಿದ್ದಲ್ಲೇ ಮಂಜುಗಡ್ಡೆಯಾಗಿ, ಕಾರು ಆಗಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಿಠಾಯಿಯ ಹಾಗೆ ಹೊಳೆಯುತ್ತಿತ್ತು. ರೋನಿಯ ಹಿಂದಿನಿಂದ ಪ್ರೊಫೆಸರ್ ಇಣುಕಿ ನೋಡಿ, “ಅದು ನನ್ನ ಕಾರು,” ಎಂದರು. ದನಿಯಲ್ಲಿ ಗಾಬರಿಗಿಂತ ಬೆರಗೇ ಹೆಚ್ಚಿತ್ತು. ಟೂಸಾನಿನಲ್ಲಿ ಕಾರಿಗೆ ಹೀಗಾಗುವುದನ್ನು ಯಾರೂ ಕಂಡಿರಲಿಕ್ಕಿಲ್ಲ.

ರೋನಿ ಚಪ್ಪಲಿಯಲ್ಲೇ ಹೊರಗೆ ಬಂದಳು. “ಅತ್ತೆ, ನಿಲ್ಲಿಸಿ. ಅದು ನಮ್ಮ ಪ್ರೊಫೆಸರ್ ಕಾರು. ನಮ್ಮನೆಗೆ ಬಂದಿದ್ದಾರೆ.”

ಇರ್ಮಾಳ ಕೈಯಲ್ಲಿ ಪೈಪು ಹಾಗೇ ನಿಂತಿತು; ನೀರು ಗಸ್‌ನ ಬೂಟಿಗೆ ಬೀಳುತ್ತಿತ್ತು. ಕುರ್ಚಿ ತೆಗೆದವರಿಗೆ ಕ್ಷಮೆಯಿಲ್ಲ, ಮನೆಗೆ ಬಂದ ಅತಿಥಿಗೆ ಅವಮಾನ ಮಾಡುವಂತಿಲ್ಲ; ಎರಡೂ ನಿಯಮ ಅವಳ ತಾಯಿ ಕಲಿಸಿದ್ದೇ. ಎರಡೂ ಒಬ್ಬಳೇ ಹೆಂಗಸಿನ ರೂಪದಲ್ಲಿ ಎದುರು ಬಂದು ನಿಂತದ್ದು ಇದೇ ಮೊದಲು.

“ಓದಿದೋರು,” ಎಂದಳು ಕೊನೆಗೆ, ಪ್ರೊಫೆಸರರ ಕಡೆ ನೋಡಿ. “ಗೊತ್ತಿದ್ರೆ ಮಾಡ್ತಿರ್ಲಿಲ್ಲ.” ಸ್ವಲ್ಪ ತಡೆದು, ಸುಳ್ಳು ಹೇಳಿದಂತಾಯಿತೇನೋ ಅನ್ನಿಸಿ, “ಸ್ವಲ್ಪ ಕಮ್ಮಿ ನೀರು ಹಾಕ್ತಿದ್ವಿ,” ಎಂದು ಸೇರಿಸಿದಳು.

“ತಪ್ಪು ನಂದೇ,” ಎಂದರು ಪ್ರೊಫೆಸರ್. “ನಿಮಗೆ ಕಾರಿಲ್ಲ ಅಂತ ಓದಿದ್ದೆ.”

ಇರ್ಮಾ ರೋನಿಯ ಕಡೆ ತಿರುಗಿದಳು. “ಬರ್ದಿದ್ದೀಯಾ ಅದನ್ನ?”

ಮಂಜುಗಡ್ಡೆ ಒಡೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಲೆನ್ ಸೂರು ಕೆರೆಯುವ ಸಲಕರಣೆ ತಂದ, ಗಸ್ ತಾನೇ ಕಟ್ಟಿದ ಪದರಗಳನ್ನು ಒಂದೊಂದಾಗಿ ಮೆಚ್ಚಿಕೊಳ್ಳುತ್ತ ಒಡೆದ. ಪ್ರೊಫೆಸರ್ ಫೋಟೋ ತೆಗೆದರು, ಆಮೇಲೆ ಕೈಗವಸು ಕೇಳಿ ಪಡೆದು ತಾವೂ ಕೆರೆದರು. ಕಾರಿನ ಬಾಗಿಲು ಮಾತ್ರ ಬಿಟ್ಟುಕೊಳ್ಳಲಿಲ್ಲ. ಇರ್ಮಾ ಒಳಗೆ ಹೋಗಿ ಎಲೆಕೋಸು, ಈರುಳ್ಳಿಯನ್ನು ಬೆಣ್ಣೆಯಲ್ಲಿ ಹುರಿದು, ಅಗಲ ನೂಡಲ್ಸ್ ಹಾಕಿ ಹಲುಸ್ಕಿ ಮಾಡಿದಳು. “ಕಾರು ಬಿಸಿ ಆಗೋವರೆಗೆ ಹೊಟ್ಟೆ ಬಿಸಿ ಆಗ್ಲಿ,” ಎಂದು ಎಲ್ಲರನ್ನೂ ಕೂರಿಸಿದಳು. ಗಸ್‌ನನ್ನೂ ಕರೆದಳು. ಹೊಸ್ತಿಲಲ್ಲಿ ನಿಂತು ಅವನು ಬೂಟು ಒರೆಸಿಕೊಂಡಷ್ಟು ಹೊತ್ತು ಯಾರೂ ಒರೆಸಿಕೊಂಡಿರಲಾರರು.

ಎರಡನೆಯ ಸಲ ಬಡಿಸಿಕೊಳ್ಳುವಾಗ ಪ್ರೊಫೆಸರ್ ಮೆಲ್ಲಗೆ ಕೇಳಿದರು: “ಹಾಗಾದ್ರೆ ಆ ಜಾಗ ಯಾರಿಗೆ?”

ಇರ್ಮಾ ಉಪ್ಪಿನ ಡಬ್ಬಿ ಹುಡುಕಿದಳು. ಉತ್ತರ ಕೊಟ್ಟವನು ಗಸ್.

“ನನ್ನ ಹೆಂಡ್ತಿ ಕೋನಿಗೆ ಎದೆ ನೋವು ಬಂದ ದಿನ ಇದಕ್ಕಿಂತ ಹೆಚ್ಚು ಹಿಮ. ಆಂಬುಲೆನ್ಸ್ ಬಂತು, ಈ ಬೀದೀಲಿ ನಿಲ್ಲೋಕೆ ಎಲ್ಲಿದೆ ಜಾಗ? ಎರಡೂ ಕಡೆ ಕಾರು. ಕೆಳಗೆ ತಿರುವಲ್ಲಿ ನಿಲ್ಲಿಸಿದ್ರೆ, ಅಲ್ಲಿವರೆಗೆ ಅವಳನ್ನ ಹೊತ್ಕೊಂಡು ಇಳೀಬೇಕಿತ್ತು. ಇವಳು ಓಡಿ ಬಂದು ಆ ಕುರ್ಚಿ ಎತ್ತಿ ಹಾಕಿದ್ಲು. ಗಾಡಿ ಸೀದಾ ಬಾಗಿಲಿಗೆ ಬಂತು.” ಅವನು ನೂಡಲ್ಸನ್ನು ಫೋರ್ಕಿಗೆ ಸುತ್ತಿದ, ಬಿಚ್ಚಿದ. “ಆಮೇಲೆ ಏಳು ವರ್ಷ ಬದುಕಿದ್ಲು ಕೋನಿ. ಅದಕ್ಕೇ ಬಗೀತೀನಿ. ವಾಲ್ವೂ ಇಲ್ಲ ಏನೂ ಇಲ್ಲ.”

ಎಲ್ಲರ ಕಣ್ಣೂ ಇರ್ಮಾಳ ಕಡೆ ತಿರುಗಿತು. ಇರ್ಮಾಳಿಗೆ ಅದನ್ನು ಸಹಿಸಲಾಗಲಿಲ್ಲ.

“ಇವನ ಮಾತು ಕೇಳ್ಬೇಡಿ ಪ್ರೊಫೆಸರ್. ಆಂಬುಲೆನ್ಸ್ ಬಂದಿದ್ದು ನಿಜ, ಕುರ್ಚಿ ಅದಕ್ಕೆ ಅಂತ ಯಾರು ಹೇಳಿದ್ದು? ಅಲ್ಲಿ ಜಾಗ ಬಿಟ್ರೆ ಇವನ ಆ ತುಕ್ಕು ಹಿಡಿದ ವ್ಯಾನು ತಂದು ನಿಲ್ಲಿಸ್ತಾನೆ. ನನ್ನ ಕಿಟಕಿಯಿಂದ ಚರ್ಚಿನ ಗೋಪುರ ಕಾಣ್ಬೇಕಾ, ಆ ವ್ಯಾನಿನ ಮೇಲಿನ ಏಣಿ ಕಾಣ್ಬೇಕಾ?”

“ಎರಡೂ ಕಾರಣ ಇರಬಹುದಲ್ವಾ ಅತ್ತೆ?” ಎಂದಳು ರೋನಿ.

“ಏಣಿ ಒಂದೇ.”

ಮಾರನೆಯ ವಾರ ರೋನಿ ಟೇಪು ಹಿಡಿದು ಇಬ್ಬರ ಮನೆಗೂ ಮತ್ತೆ ಹೋದಳು. ಊಟದ ಮೇಜಿನ ಮಾತು ಒಪ್ಪಿಗೆ ಪತ್ರದ ಒಳಗೆ ಬರುವುದಿಲ್ಲ. ಅದನ್ನೇ ಇನ್ನೊಮ್ಮೆ ಹೇಳಿದರೆ ಸಾಕಿತ್ತು. ಟೇಪಿನ ಕೆಂಪು ದೀಪ ಹೊತ್ತಿಕೊಂಡಿತು. ಗಸ್ ಗಂಟಲು ಸರಿಮಾಡಿಕೊಂಡು, ತಾನು ಬಕೆಟ್ಟು ಮಾತ್ರ ಇಡುವುದಾಗಿ ಹೇಳಿದ. ಇರ್ಮಾ, ಕುರ್ಚಿ ಇನ್ನೂ ಆರಿಲ್ಲವೆಂದಳು.

ರೋನಿ ಕೈಚೆಲ್ಲಿ ಕೂತಳು. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕಗಳ ಗುಡ್ಡೆ. ಅದರಲ್ಲಿ ಒಂದೂ ಟ್ಯಾನರ್ ಬೀದಿಯನ್ನು ಕಂಡದ್ದಲ್ಲ. ಗೊತ್ತಿಲ್ಲದ್ದನ್ನು ಬರೆಯಬಹುದಿತ್ತು, ಗೊತ್ತಿರುವುದನ್ನು ಬರೆಯುವಂತಿಲ್ಲ. ಬಿಟ್ಟುಬಿಡೋಣವೆಂದುಕೊಂಡಳು. ಲೆನ್‌ಗೆ ಹಾಗೆಂದು ಹೇಳಿದಳು ಕೂಡ.

“ಕೋನೀನ ಕರ್ಕೊಂಡು ಹೋದಾಗ ನೀನು ಎಲ್ಲಿದ್ದೆ?” ಎಂದ ಅವನು, ಬೂಟಿನ ದಾರ ಬಿಚ್ಚುತ್ತ.

“ಇಲ್ಲೇ. ಬಾಗಿಲಲ್ಲಿ. ಅವಳ ಕೈಚೀಲ ಹಿಡ್ಕೊಂಡಿದ್ದೆ.”

“ನೋಡಿದ್ದೀಯಲ್ಲ ಮತ್ತೆ. ನಿನ್ನ ಒಪ್ಪಿಗೆ ನೀನೇ ತಗೋ.”

ಸೂರಿನ ಮೇಲಿಂದ ಎಲ್ಲ ಸಲೀಸಾಗಿ ಕಾಣುತ್ತದೇನೋ. ರೋನಿ ಪ್ರೊಫೆಸರರಿಗೆ ಫೋನು ಮಾಡಿದಳು. ಪ್ರೊಫೆಸರ್ ನೀತಿ ಸಮಿತಿಯ ಜೊತೆ ಮೂರು ಸಲ ಜಗಳವಾಡಿದರು. ಬೀದಿಯಲ್ಲಿ ಎಲ್ಲರ ಕಣ್ಣೆದುರು ನಡೆದದ್ದನ್ನು ರೋನಿ ತಾನು ಕಂಡಂತೆ, ಯಾರ ಹೆಸರೂ ಹೇಳದೆ ಬರೆಯಬಹುದೆಂದು ತೀರ್ಮಾನವಾಯಿತು. ರೋನಿ ಬರೆಯತೊಡಗಿದಳು. ತಾನು ಚಿಕ್ಕವಳಿದ್ದಾಗ ಅಪ್ಪ ಇಡುತ್ತಿದ್ದ ಮರದ ಪೆಟ್ಟಿಗೆ, ಹೆರಿಗೆಗೆ ಹೋದವರಿಗಾಗಿ ಬೀದಿಯವರು ಬಗೆದು ಕಾದಿರಿಸಿದ ಜಾಗ, ತಾನೊಮ್ಮೆ ಹಲ್ಲುಕಚ್ಚಿ ಬೇರೆಯವರ ಕುರ್ಚಿ ಸರಿಸಿ ಆಮೇಲೆ ಒಂದು ಚಳಿಗಾಲವಿಡೀ ತಲೆ ತಗ್ಗಿಸಿ ನಡೆದದ್ದು, ಕೋನಿಯ ಕೈಚೀಲ. ಅಕ್ರೋಟು ರೊಟ್ಟಿ ಸೀಯುವ ವಾಸನೆ ಬಂದದ್ದೂ ತಿಳಿಯದೆ ಬರೆದಳು. ಹೀಗೆಲ್ಲ ಬರೆಯಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಹಳ ಖುಷಿಯಾಯಿತು, ಆ ಖುಷಿಗೆ ತುಸು ನಾಚಿಕೆಯೂ ಆಯಿತು.

ಮೇ ತಿಂಗಳಲ್ಲಿ ಸಮಿತಿಯ ಮುಂದೆ ಪ್ರಬಂಧ ಮಂಡಿಸುವ ದಿನ ಬಂತು. ಯಾರು ಬೇಕಾದರೂ ಬಂದು ಕೇಳಬಹುದು ಎಂದು ಬಾಯಿತಪ್ಪಿ ಮನೆಯಲ್ಲಿ ಹೇಳಿದ್ದಳು. ಬಾಗಿಲು ತೆರೆದಾಗ ಮುಂದಿನ ಸಾಲಿನಲ್ಲಿ ಇರ್ಮಾ, ಕೂದಲು ಸೆಟ್ ಮಾಡಿಸಿಕೊಂಡು. ಪಕ್ಕದಲ್ಲಿ ಒಂದು ಸೀಟು ಬಿಟ್ಟು ಗಸ್, ಟೈ ಕಟ್ಟಿಕೊಂಡು. ನಡುವಿನ ಸೀಟಿನಲ್ಲಿ ಇರ್ಮಾಳ ಕೋಟು ಕೂತಿತ್ತು.

ಮೊದಲರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಸಮಿತಿಯ ಹಿರಿಯರೊಬ್ಬರು, ಮೃದು ಮಾತಿನ ಗಡ್ಡದ ಮನುಷ್ಯ, ಕೇಳಿದರು: “ಭಾಗಿ ಮೂರು ಅವರ ಹೇಳಿಕೆ ನಂಬೋಕೆ ಅರ್ಹವಾ? ಅವರು ಪದೇ ಪದೇ ಸುಳ್ಳು ಹೇಳ್ತಿರೋ ಹಾಗಿದೆ.”

ರೋನಿ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಇರ್ಮಾ ಎದ್ದಾಗಿತ್ತು.

“ಯಾರ್ರೀ ಸುಳ್ಳು ಹೇಳಿದ್ದು?”

“ಅತ್ತೆ, ಕೂತ್ಕೊಳ್ಳಿ. ಗುರುತು ಹೇಳೋ ಹಾಗಿಲ್ಲ.”

“ನಾನೇ ಭಾಗಿ ಮೂರು,” ಎಂದಳು ಇರ್ಮಾ ಸಮಿತಿಗೆ. “ಇರ್ಮಾ ಚೆರ್ವೆನ್. ಚರ್ಚಿನ ಹತ್ರ ಹಸಿರು ಬಾಗಿಲಿನ ಮನೆ. ಒಂದನೇ ಭಾಗಿ ಇವನು, ಇವನನ್ನ ಕೇಳಿ. ಇವನು ಹೇಳೋದು ನಂಬ್ತೀರಾ?”

ಗಸ್ ಎದ್ದು ಕೋಟಿನ ಗುಂಡಿ ಹಾಕಿಕೊಂಡ. “ಅವಳು ಟೇಪಿಗೆ ಸುಳ್ಳು ಹೇಳಿದ್ದು ನಿಜ,” ಎಂದ. “ಟೇಪಿಗೆ ನಿಜ ಹೇಳೋರು ಯಾರು ಸಾರ್?”

ಗಡ್ಡದವರು ಕನ್ನಡಕ ತೆಗೆದು ಒರೆಸಿಕೊಂಡರು. ಗೋಪ್ಯತೆಯ ಬಗ್ಗೆ ರೋನಿ ಬರೆದಿದ್ದ ಅಷ್ಟೂ ಪುಟಗಳು ಆ ಒಂದು ನಿಮಿಷದಲ್ಲಿ ಮಣ್ಣು ಪಾಲಾದವು. ಪ್ರೊಫೆಸರ್ ಒಸುನಾ ಮೇಜಿನ ಕೆಳಗೆ ಏನೋ ಬಿದ್ದಿದೆಯೆಂದು ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ಅವರ ಭುಜ ಅಲುಗುತ್ತಿತ್ತು. ಒಂದಷ್ಟು ತಿದ್ದುಪಡಿಗಳೊಂದಿಗೆ ರೋನಿ ಪಾಸಾದಳು.

ಅವಳೇನೂ ದೊಡ್ಡ ಹುದ್ದೆಗೆ ಹೋಗಲಿಲ್ಲ. ಹಲ್ಲಿನ ಡಾಕ್ಟರರ ಮೇಜಿನಲ್ಲೇ ಉಳಿದಳು, ವಾರಕ್ಕೆ ಎರಡು ದಿನ ನಗರ ಯೋಜನೆಯ ಕಚೇರಿಯಲ್ಲಿ ಸಲಹೆಗೆ ಕೂರತೊಡಗಿದಳು. ಸೈಕಲ್ ಹೆಂಗಸಿನ ಚಿತ್ರ ತೋರಿಸಿದ್ದ ಹುಡುಗ ಅಲ್ಲೇ ಇದ್ದ, ಹೆಸರು ಟೋಬಿ. ಪಾಪ, ಒಳ್ಳೆಯ ಹುಡುಗ, ಆ ಮಾತು ಆಡಿದ್ದೇ ಅವನಿಗೆ ನೆನಪಿರಲಿಲ್ಲ. ರೋನಿ ನೆನಪಿಸಲಿಲ್ಲ. ಅವಳ ಪ್ರಬಂಧ ಓದಿ ಅವನೇ ಓಡಾಡಿ, ಕಡಿದಾದ ಬೀದಿಗಳಲ್ಲಿ ಆಂಬುಲೆನ್ಸಿಗೆಂದು ಒಂದೊಂದು ಜಾಗ ಖಾಲಿ ಬಿಡಿಸುವ ಕ್ರಮ ಜಾರಿಗೆ ತಂದ. ಟ್ಯಾನರ್ ಬೀದಿಯಲ್ಲಿ ಇರ್ಮಾಳ ಮನೆಯ ಮುಂದೆ ನಗರಸಭೆಯವರು ಬಂದು ಗೆರೆ ಎಳೆದು, ಯಾರೂ ಏನೂ ಇಡಬಾರದೆಂದು ಬೋರ್ಡು ನೆಟ್ಟು ಹೋದರು. ಬೋರ್ಡಿನ ಕಂಬ ಸರಿಯಾಗಿ ಕಿಟಕಿಗೂ ಚರ್ಚಿನ ಗೋಪುರಕ್ಕೂ ನಡುವೆ ಬಂತು.

ಇರ್ಮಾ ರೋನಿಯ ಜೊತೆ ಮಾತು ಬಿಟ್ಟಳು. ಬೇಸಿಗೆ ಹೋಯಿತು, ಕ್ರಿಸ್ಮಸ್ ಹೋಯಿತು. ಗೋಡೆಯ ಪೈಪು ನರಳುವುದರಿಂದ ಅತ್ತೆ ಚೆನ್ನಾಗಿದ್ದಾಳೆಂದು ತಿಳಿಯುತ್ತಿತ್ತು, ಅಷ್ಟೇ. ಗಸ್ ನಡುವೆ ನಿಂತು ಸುದ್ದಿ ಮುಟ್ಟಿಸುತ್ತಿದ್ದ. ಎರಡೂ ಕಡೆಗೆ ತಪ್ಪು ತಪ್ಪಾಗಿ.

ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ಹೆಂಗಸರೆಲ್ಲ ನೆಲಮಾಳಿಗೆಯಲ್ಲಿ ಸೇರಿ, ಆಲೂಗಡ್ಡೆ ಹೂರಣದ ಪಿಯೆರೋಗಿ ಕಡುಬು ಮಾಡುತ್ತಾರೆ. ರೋನಿ ಮೇಜಿನ ಕೊನೆಯಲ್ಲಿ ನಿಂತು ಅಂಚು ಚಿವುಟುತ್ತಿದ್ದಳು. ಯಾರೋ ಪಕ್ಕಕ್ಕೆ ಬಂದು ನಿಂತರು. ಸೆಟ್ ಮಾಡಿದ ಕೂದಲಿನ ಸ್ಪ್ರೇ ವಾಸನೆ.

“ಇದೇನೇ ಇದು,” ಎಂದಳು ಇರ್ಮಾ, ಅವಳ ತಟ್ಟೆಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದು. “ಬಾಯಿ ಬಿಟ್ಕೊಂಡಿದೆ. ಬಿಸಿನೀರಿಗೆ ಹಾಕಿದ್ರೆ ಹೂರಣ ಎಲ್ಲ ಹೊರಗೆ. ಯೂನಿವರ್ಸಿಟೀಲಿ ಇದನ್ನ ಹೇಳಿಕೊಡ್ಲಿಲ್ವಾ?”

“ಇಲ್ಲ ಅತ್ತೆ.”

“ಸರಿ ಆಚೆ,” ಎಂದು ಇರ್ಮಾ ಸೊಂಟದಿಂದ ಅವಳನ್ನು ತಳ್ಳಿ ಜಾಗ ಮಾಡಿಕೊಂಡು, ತೋಳು ಮಡಚಿದಳು. “ಹಿಟ್ಟು ಈ ಕಡೆ ಕೊಡು.”